ಹಳೇ ಬಾವಿಯ ನೀರು

ಕಟ್ಟಡದ ಪರವಾನಗಿ ಕೊಡುವ ಕಚೇರಿಯ ಬೆಂಚಿನ ಮೇಲೆ ದರ್ಜಿ ತನ್ನ ಸರದಿಗೆ ಕಾಯುತ್ತಾ ತೂಕಡಿಸುತ್ತಿದ್ದ. ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಬಂದು ಕೂತದ್ದೇ ತಡ, ಅವನ ನಿದ್ದೆ ಹಾರಿಹೋಯಿತು.

"ಮೈದುನ ಅಂದ್ರೆ ಮಗನ ಹಾಗೆ ಅಂತಿದ್ದೆಯಲ್ಲ ಅಕ್ಕ?"

"ಮಗನಂತೆ ಮಗ! ಅವನ ಮೊದಲನೇ ಕಟ್ಟಡದ ಕಕ್ಕಸುಗುಂಡಿ ಗಲೀಜು ಇಳಿದು ನನ್ನ ಬಾವಿ ನೀರು ನಾರಿತಲ್ಲ, ಆವತ್ತು ಏನಂದ ಗೊತ್ತಾ? 'ಅತ್ತಿಗೆ, ಕುಡಿಯೋ ನೀರಿನ ಬಾವಿ ಅಂತ ಕಚೇರೀಲಿ ಬರೆಸಿದ್ರೆ ಅದರ ಹತ್ರ ಗುಂಡಿಗೆ ಪರವಾನಗೀನೇ ಸಿಗ್ತಿರಲಿಲ್ಲ. ನೀವು ಬರೆಸಿಲ್ವಲ್ಲ' ಅಂತ ಹಲ್ಲು ಕಿರಿದ."

"ಪಾಪಿ!"

"ಪಾಪಿ ಅಲ್ಲ ಕಣೇ, ಗುರು. ಅವನ ಹೊಸ ಸೈಟಿನ ಬೇಲಿ ಪಕ್ಕದಲ್ಲೇ, ನನ್ನ ಜಾಗದಲ್ಲಿ, ಇನ್ನೊಂದು ಬಾವಿ ತೋಡಿಸ್ದೆ. ಕುಡಿಯೋ ನೀರು ಅಂತ ಬರೆಸ್ದೆ. ಆಮೇಲೆ ಬಾಯಿ ಮುಚ್ಕೊಂಡು ಕೂತೆ."

"ಅವನು ಅರ್ಜಿ ಹಾಕೋವರೆಗಾ?"

"ಪರವಾನಗಿ ಬರೋಕೆ ಮುಂಚೆನೇ ಅವನು ಪಾಯ ಹಾಕೋವರೆಗೆ. ಆಮೇಲೆ ತಕರಾರು ಕೊಟ್ಟೆ."

"ಈಗ ಗುಂಡಿ ಎಲ್ಲಿ ತೋಡ್ತಾನೆ?"

"ಅವನ ತಲೆ ಮೇಲೆ ತೋಡ್ಕೊಳ್ಲಿ."

"ತಕರಾರು ಕೊಟ್ಟವರು ಒಳಗೆ ಬನ್ನಿ!" ಎಂದು ಜವಾನ ಕೂಗಿದ. ಅಕ್ಕ ಸೆರಗು ಸರಿಮಾಡಿಕೊಂಡು ಎದ್ದಳು.

"ಅಕ್ಕಾ, ಅವನು ಬಂದು ಕಾಲು ಹಿಡ್ಕೊಂಡ್ರೆ?"

"ಹಿಡ್ಕೊಳ್ಲಿ. ಮೊದಲು ಕೈ ತೊಳ್ಕೊಂಡು ಬಾ ಅಂತೀನಿ, ಆ ಹಳೇ ಬಾವಿ ನೀರಲ್ಲಿ."