ಕುಬಸಕ್ಕೆ ಬಂದ ಫಾರಿನ್ ಅಕ್ಕಿ

ಹಂಗಲ್ಲ ಅಮರವ್ವಾ, ಚೀಲಾ ಈ ಕಡೆ ತಿರುಗಿಸಿ ನೋಡು! ಓದು. ನೀ ಸಾಲ್ಯಾಗ ಹುಡುಗ್ರಿಗೆ ಇಂಗ್ಲಿಷ್ ಕಲಸಾಕಿ, ನಿನಗ ನಾ ಓದಿ ಹೇಳಬೇಕೇನು? ಮ್ಯಾಲಿನ ಸಾಲು ಇಂಗ್ಲಿಷು. ಕೆಳಗಿಂದು... ಅದು ನನಗೂ ತಿಳಿಯಂಗಿಲ್ಲ, ಯುರೋಪಿನ ಯಾವುದೋ ಭಾಷಾ. ನಮ್ಮ ಗೊರೇಬಾಳದ ಸೋನಾಮಸೂರಿಗೆ ಎಂಥಾ ಅಂಗಿ ತೊಡಿಸ್ಯಾರ ನೋಡು! ಮತ್ತ ಈ ಮುದುಕಿ ಚಿತ್ರ ನೋಡಿದಿ? ಮೂಗಬಟ್ಟು, ಇಳಕಲ್ ಸೀರಿ, ಕೈಯಾಗ ಮೊರ. ಅಜ್ಜಿ ಕೇರಿದ ಅಕ್ಕಿ ಅಂದ್ರ ಅಲ್ಲಿ ಮಂದಿಗೆ ಭಾಳ ಸೇರತೈತಂತ. ಯಾಕ ನಗತಿ? ಆಕಿ ಮುಂಬೈದಾಕೀನ ಇರಲಿ, ಜೀವನದಾಗ ಭತ್ತದ ಗದ್ದಿ ನೋಡದಾಕೀನ ಇರಲಿ, ಚಿತ್ರಕ್ಕ ಯಾರಾದ್ರೇನು!

ಹತ್ತು ಚೀಲ ತಂದೀನಿ. ಹತ್ತು! ಸಿಂಧನೂರು ಬಿಟ್ಟು ಮಸ್ಕಿ ದಾಟೂದ್ರಾಗ ಟಂಟಂ ಡ್ರೈವರ್ ದ್ಯಾವಪ್ಪ ಕೇಳೇ ಬಿಟ್ಟ, ಯಾರ ಮದಿವಿರೀ ಸಾವ್ಕಾರ್ರ ಅಂತ. ಮದಿವಿ ಅಲ್ಲೋ ಮಾರಾಯ, ಲಿಂಗಸುಗೂರಿನಾಗ ನನ್ನ ತಂಗಿ ಕುಬಸ, ಏಳು ತಿಂಗಳ ಬಸುರಿ ಅದಾಳ, ತವರಿನವ್ರು ನಾವ ಉಡಿ ತುಂಬಬೇಕು, ಬಂದ ಮಂದಿಗೆ ನಮ್ಮ ಅಕ್ಕಿ ಅನ್ನಾನ ಹಾಕಬೇಕು ಅಂದೆ. ನಾಳೆ ನಿಮ್ಮ ಅತ್ತಿ ಕನಕಮ್ಮನವ್ರು ಕಣ್ಣು ಬಿಟ್ಟು ನೋಡಬೇಕು! ಪ್ಯಾಟಿಗೆ ಹೋಗ್ಯಾರಂತಲ್ಲ, ಹಸರ ಬಳಿ ತರಾಕ? ಬರಲಿ, ಬರಲಿ. ಬಾಗಲದಾಗ ಚೀಲ ಸಾಲಾಗಿ ನಿಲ್ಲಿಸಿರ್ತೀನಿ. ಭೀಮೇಶ ತಂಗಿ ಉಡಿಗೆ ಫಾರಿನ್ ಅಕ್ಕಿ ತುಂಬಿದ ಅಂತ ಓಣಿ ಓಣಿ ಮಾತಾಡಬೇಕು.

ಹೂಂ, ತಿಳೀತು ತಿಳೀತು. ಯುರೋಪಿಗೆ ಹೋಗೂ ಅಕ್ಕಿ ಲಿಂಗಸುಗೂರಿಗ್ಯಾಕ ಬಂತು ಅನ್ನೂ ಹಂಗ ಮಾರಿ ಮಾಡಿದಿ. ಯುದ್ಧ ತಂಗೀ, ಯುದ್ಧ! ಟೀವಿಯಾಗ ನೋಡಿಲ್ಲೇನು? ಕೆಂಪು ಸಮುದ್ರ ಅಂತ ಐತಿ, ಅಲ್ಲಿ ಹಡಗದ ಮ್ಯಾಲೆ ಬಾಂಬ್ ಹಾಕಾಕತ್ತಾರ. ಅಲ್ಲಿ ಬಾಂಬ್ ಬಿದ್ರ ಸಿಂಧನೂರಿನಾಗ ನನ್ನ ಎದಿ ಹೊಡಕೊಂತೈತಿ! ಅವ್ರ್ಯಾರೋ, ಇವ್ರ್ಯಾರೋ... ಅವ್ರ ಜಗಳಕ್ಕ ನಮ್ಮ ಮಿಲ್ಲಿನಾಗ ಹಮಾಲ್ರು ಖಾಲಿ ಕುಂತಾರ. ಈಗ ಜಗತ್ತು ಅಂದ್ರ ಒಂದು ಓಣಿ ಇದ್ದಂಗ. ಈ ಮಾಲು ಹಡಗಾನ ಹತ್ತಲಿಲ್ಲ. ಹತ್ತಲಿಲ್ಲಂದ ಮ್ಯಾಲೆ ಯಾರಿಗೆ ಕೊಡಲಿ? ತಂಗೀಗೆ ಅಲ್ಲದ ಇನ್ಯಾರಿಗೆ!

ಅಯ್ಯ, ಈಗ್ಯಾಕ ಎದ್ದಿ? ಕುಂದರು, ಕಾಲು ಬಾಯ್ತಾವ... ಏನದು, ಅಕ್ಕಿ ತೊಳ್ಯಾಕತ್ತೀಯೇನು? ಈ ಚೀಲದ್ದಾ? ಬ್ಯಾಡ ಬ್ಯಾಡ, ನನಗ ಹಸಿವಿಲ್ಲ, ಮಸ್ಕ್ಯಾಗ ಒಗ್ಗರಣಿ ಮಿರ್ಚಿ ತಿಂದು ಬಂದೀನಿ. ಅಮರವ್ವಾ... ಆತು, ಕುಕ್ಕರ್ ಇಟ್ಟೇ ಬಿಟ್ಟಿ. ನಿನ್ನ ಹಟಾ ಸಣ್ಣಾಕಿ ಇದ್ದಾಗಿಂದು.

ಏನು ಹುಡುಕಾಕತ್ತಿ ಆ ಸಾಮಾನಿನಾಗ? ಅವ್ವನ ಗಂಟಾ? ಮನಿಮಡಿ ಅಕ್ಕಿ? ಇಲ್ಲವ್ವ, ಈ ಸಲ ತಂದಿಲ್ಲ. ಖರೇ ಹೇಳು, ಯುರೋಪಿನ ಚೀಲದ ಮಗ್ಗಲಕ ಆ ಗಂಟು ಇಟ್ರ ಮಂದಿ ನಗಂಗಿಲ್ಲೇನು? ದಪ್ಪ ಅಕ್ಕಿ, ಕೆಂಪು. ಅವ್ವ ಅಂತೂ ಇನ್ನೂ ಬಿಟ್ಟಿಲ್ಲ. ಹೊಲದ ಮೂಲ್ಯಾಗಿನ ಆ ಒಂದು ಮಡಿಗೆ ಮನ್ಯಾಗಿನ ಸಗಣಿ ಗೊಬ್ಬರ ಬಿಟ್ಟು ಏನೂ ಹಾಕಗೊಡಂಗಿಲ್ಲ. ಹುಳ ಬಿದ್ರ ಬೀಳಲಿ, ವಿಷದ ಎಣ್ಣಿ ಪಂಪ್ ಹೊತಗೊಂಡು ಇತ್ತಾಗ ಬಂದವ್ರ ಕಾಲು ಮುರಿತೀನಿ ಅಂತಾಳ! ಮುದುಕಿ... ಊರಾಗ ಎಲ್ಲಾರೂ ಹಂಗ ಅಲ್ಲೇನು? ಮಾರಾಕ ಬೆಳಿಯೂದು ಬ್ಯಾರೆ, ಉಣ್ಣಾಕ ಬೆಳಿಯೂದು ಬ್ಯಾರೆ.

ಏನು? ನಮ್ಮ ಮನ್ಯಾಗ? ನಮ್ಮ ಮನ್ಯಾಗ... ಅದನ್ನ ಉಣತೀವಿ. ಮನಿಮಡೀದ. ಹುಡುಗ್ರಿಗೆ ರೂಢಿ ಆಗೇತಿ ತಂಗೀ, ಬರೇ ರೂಢಿ! ಮತ್ತೇನಿಲ್ಲ. ಫಾರಿನ್ ಅಕ್ಕಿ ಎಲ್ಲಾರ ಹೊಟ್ಟೀಗೂ ದಕ್ಕತೈತೇನು?

ಹಾಂ, ಸೀಟಿ ಹೊಡೀತು. ಇಳಿಸಬ್ಯಾಡ, ಬೇಯಲಿ, ಚೊಲೋ ಬೇಯಲಿ... ಯಾಕ, ಅಕ್ಕಿ ಮೂಗಿಗ್ಯಾಕ ಹಿಡದಿ? ಮುಗ್ಗ ವಾಸನಿ? ಏ, ಅದೇನಿಲ್ಲ, ತಿಂಗಳಗಟ್ಟಲೆ ಹಡಗಿನಾಗ ಕುಂತಿತ್ತಲ್ಲ, ಸಮುದ್ರದ ಹವಾಕ್ಕ...

...ಹೂಂ. ಹಡಗಾ ಹತ್ತಲಿಲ್ಲ ಅಂದಿದ್ದೆ. ಹತ್ತಿತ್ತು. ಹತ್ತಿ, ಹೋಗಿ, ಬಂತು. ಸುಳ್ಳಲ್ಲ ತಂಗೀ, ಯುದ್ಧ ಖರೇ ಐತಿ, ದಾರಿ ಸುತ್ತಿ ಹೋತು. ಹೋತು, ಮುಟ್ಟಿತು. ಅಲ್ಲಿ ಮಂದಿ ಒಂದು ಹಿಡಿ ಅಕ್ಕಿ ಮಷಿನ್ನಿಗೆ ಹಾಕಿ ನೋಡಿದ್ರಂತ. ಹುಳಕ್ಕ ಹೊಡದ ಎಣ್ಣಿ ಅಕ್ಕ್ಯಾಗ ಉಳದೈತಿ, ನಮಗ ಬ್ಯಾಡ, ವಾಪಸ್ ಒಯ್ಯಿರಿ ಅಂದ್ರು. ಕೂದಲೆಳಿ ಅಷ್ಟು ಜಾಸ್ತಿ! ಅಷ್ಟಕ್ಕ!

ನನಗ ಸಿಟ್ಟು ಬರೂದು ಯಾಕ ಗೊತ್ತೈತೇನು? ಆ ಎಣ್ಣಿ ಡಬ್ಬಿ ಎಲ್ಲಿಂದು? ಅವ್ರದ! ಅವ್ರ ದೇಶದ್ದು! ಅವ್ರ ಹೊಲಕ್ಕ ಹೊಡಿಯಂಗಿಲ್ಲಂತ, ಅಲ್ಲಿ ಬಂದ್ ಮಾಡ್ಯಾರ. ನಮಗ ಮಾರಾಕ ಮಾತ್ರ ಚಾಲೂ. ನಾವು ಹೊಡೀಬೇಕು, ಅದು ಅಕ್ಕ್ಯಾಗ ಬಂದ್ರ ಅವ್ರು ಥೂ ಅನಬೇಕು. ತಮ್ಮ ಮಕ್ಕಳಿಗೆ ಬ್ಯಾಡಾದದ್ದು ದೂರದ ಮಂದಿ ತಿನ್ನಲಿ... ಎಂಥಾ ಜನಾ ಇವ್ರು! ಎದೀನ ಇಲ್ಲ ಇವ್ರಿಗೆ. ಮನಿಶಾರೇನು ಇವ್ರು? ಹೌದಿಲ್ಲೋ, ನೀನ ಹೇಳು!

...ನನ್ನ ಯಾಕ ಹಂಗ ನೋಡ್ತಿ? ನಾ ಏನಂದೆ?

ಉಳದ ಮಾಲಾ? ಹೋತು. ಸಿಂಧನೂರು, ಮಸ್ಕಿ, ತುರ್ವಿಹಾಳ... ಸಂತ್ಯಾಗ ಖಾಲಿ ಆತು. ಕಡಿಮಿ ರೇಟಿಗೆ ಸಿಕ್ಕತು ಅಂತ ಮಂದಿ ಕೈ ಮುಗುದು ಒಯ್ದಾರ. ಯಾರರ ಬಿದ್ದಾರೇನು? ಯಾರಿಗರ ಏನರ ಆಗೇತೇನು? ಚೊಲೋ ತೊಳದ್ರ ಹೋಗತೈತಿ ಅಂತ ಎಣ್ಣಿ ಅಂಗಡಿಯವ್ನ ಹೇಳ್ಯಾನ.

ಅಲ್ಲ, ನನಗ್ಯಾಕ ತಾಟು? ಹೇಳಿದ್ನಲ್ಲ, ಹಸಿವಿಲ್ಲ. ಮತ್ತ ಇವತ್ತು ಸೋಮಾರ, ನನ್ನ ಒಪ್ಪತ್ತು... ಮಿರ್ಚಿ? ಮಿರ್ಚಿ ನಡೀತೈತಿ, ಮಿರ್ಚಿ ಅನ್ನ ಅಲ್ಲಲ್ಲ! ಅನ್ನ ನಡಿಯಂಗಿಲ್ಲ. ಮತ್ತ ಸಕ್ಕರಿ ರೋಗ ಬ್ಯಾರೆ, ಬಿಳಿ ಅನ್ನ ಮುಟ್ಟಬ್ಯಾಡ ಅಂದಾರ ಡಾಕ್ಟರ್ರು... ನಗಬೇಕಾದ್ರ ನಗು. ತಾಟು ಅತ್ತಾಗ ಸರಸು ಅಂದೆ. ಅತ್ತಾಗ!

ಹಾಂ. ಅಷ್ಟ. ನಿನ್ನ ಮುಂದ ಇಟಗೊಂಡ್ರ ಇಟಗೊ, ಆರಲಿ, ಆಮ್ಯಾಲೆ ದನಕ್ಕ... ಸಾರು ಯಾಕ ಹಾಕ್ಕೊಂಡಿ? ಅಮರವ್ವಾ. ಕಲಸಬ್ಯಾಡ. ಚಾಷ್ಟಿ ಸಾಕು. ನಿನಗ ಹೇಳಾಕತ್ತೀನಿ ನಾ, ಕಲಸಬ್ಯಾ... ಏ! ಏ! ಬಾಯಿಗೆ ಒಯ್ಯಬ್ಯಾಡ! ಇಳಸು ಕೈ! ಯವ್ವಾ, ನಿನ್ನ ಕಾಲು ಹಿಡಿತೀನಿ, ಹೊಟ್ಟ್ಯಾಗ ಕೂಸೈತಿ, ಉಣಬ್ಯಾಡವ್ವಾ ಅದನ್ನ! ಕೊಡು ಇಲ್ಲಿ! ಕೊಡು ಅಂದೆ!

...ಅಬ್ಬಾ. ಜೀವ ಹೋಗಿತ್ತು ನಂದು.

ಬೈ, ಬೇಕಾದ್ರ ಹೊಡಿ. ನೋಡು, ಅಂಜಬ್ಯಾಡ ನೀ. ನಾ ಈಗ ಹೊಳ್ಳಿ ಹೋಗ್ತೀನಿ, ಅವ್ವನ ಕಡೆ ಮನಿಮಡಿ ಅಕ್ಕಿ ಇಸಗೊಂಡು ಬರ್ತೀನಿ. ನಿನ್ನ ಉಡಿಗೂ ಅದ, ನಿನ್ನ ಎಲೀಗೂ ಅದ. ಬ್ಯಾರೆ ಪಾತ್ರ್ಯಾಗ ಮಾಡಸೂಣು, ಯಾರಿಗೂ ತಿಳಿಯಂಗಿಲ್ಲ. ಈ ಚೀಲ ಇಲ್ಲೇ ಇರಲಿ, ನಾಳೆ ಪಂಕ್ತಿಗೆ ಆಗತಾವ...

ಯಾಕ? ಮತ್ತ್ಯಾಕ ಹಂಗ ನೋಡಾಕತ್ತಿ? ತಂಗೀ... ನಾಳೆ ಉಣ್ಣಾವ್ರು ನಿನ್ನ ಗಂಡನ ಮನಿ ಮಂದಿ. ಅವ್ರೇನು ನಮ್ಮವ್ರಾ?