ಕೂಸು ಬರುವ ಮನೆ

ಬೇರೆಯವರ ಮನೆಯ ಮಾತನ್ನು ಕೇಳಿಸಿಕೊಂಡು ಬರೆಯುವುದು ಸರಿಯಲ್ಲವೆಂದು ಗೊತ್ತು, ಓದುವವರು ಕ್ಷಮಿಸಬೇಕು. ಪಾಂಡವಪುರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದಲ್ಲೇ ಒಬ್ಬ ತಾಯಿ, ಮಗ ಕೂತಿದ್ದರು. ಬಾಣಂತನಕ್ಕೆ ತವರಿಗೆ ಹೋಗಿದ್ದ ಸೊಸೆಯನ್ನೂ ಮಗುವನ್ನೂ ಕೆ.ಆರ್. ಪೇಟೆಯಿಂದ ಕರೆತರಲು ಹೊರಟವರು.

“ಮೇಜಿನ ಮೂಲೆಗೆಲ್ಲ ರಬ್ಬರು ಮೆತ್ತಿದ್ದೀಯಲ್ಲ ಪುಟ್ಟರಾಜು, ಬರಾದು ಕೂಸಾ, ಕೋಣನಾ?”

“ಅಂಬೆಗಾಲಿಕ್ತದೆ ಕನವ್ವ. ಮನೆ ಸರಿ ಮಾಡ್ದೆ ಬರಾಕಿಲ್ಲ ಅಂದವ್ಳೆ ನಿನ್ನ ಸೊಸೆ.”

“ಕರೆಂಟು ತೂತಿಗೆಲ್ಲ ಬಿರಡೆ ಬೇರೆ. ಫೋನು ಎಲ್ಲಿಗೆ ಚುಚ್ಚೀಯೆ ಇನ್ಮ್ಯಾಕೆ?”

“ತೆಗೆದು ಚುಚ್ತೀನಿ.”

“ನಾಕು ಮಕ್ಕಳ ಸಾಕ್ದೆ. ಒಲೆ ಉರೀತಿತ್ತು, ಹುಲ್ಲು ಕುಯ್ಯೋ ಕುಡ್ಲು ಬಿದ್ದಿರ್ತಿತ್ತು. ಯಾವಳು ರಬ್ಬರು ಕೇಳಿದ್ಲು?”

“ಆಯ್ತು ಬುಡು. ಹಿತ್ಲಲ್ಲಿದ್ದ ಕಳೆ ಸಾಯ್ಸೋ ಔಸ್ದಿ ಎತ್ತಿ ಮಡಗ್ದಾ?”

“ಡಬ್ಬ ಸೋರ್ತಿತ್ತು. ಜ್ಯೂಸಿನ ಬಾಟ್ಲಿಗೆ ಬಗ್ಗಿಸಿ, ಅಡುಗೆಮನೆ ಕಟ್ಟೆ ಕೆಳಗೆ ಮಡಗಿವ್ನಿ.”

ಮಗ ಎದ್ದು ನಿಂತ.

“ನೆಲದ ಮ್ಯಾಲಾ?”

“ಇನ್ನೆಲ್ಲಿ, ನಿನ್ನ ತಲೆ ಮ್ಯಾಲಾ?”

“ನಾನು ಮನೆಗೋಗಿ ಬತ್ತೀನಿ.”

“ಕೂಸು ಕರ್ಕಬರಾಕೆ ಹೊಂಟು ಹಿಂದಕ್ಕೋದಾರಾ? ಅಪಶಕುನ ಕಣ್ಲಾ. ಒಂದು ಬಾಟ್ಲಿಗೆ ಹೆದ್ರೋನು ಸಂಸಾರ ಏನು ಮಾಡೀಯೆ?”

“ಶಕುನ ನೀನೇ ಮಡಿಕೋ.”

ಅವನು ತಿರುಗಿಯೂ ನೋಡದೆ ನಡೆದ. ಅಷ್ಟರಲ್ಲಿ ಕೆ.ಆರ್. ಪೇಟೆ ಬಸ್ಸು ಬಂತು. ತಾಯಿ ಹತ್ತಲಿಲ್ಲ. ಮಗನನ್ನು ಬೈಯುತ್ತಲೇ ಚೀಲ ಎತ್ತಿಕೊಂಡು ಅವನ ಹಿಂದೆ ಹೊರಟರು. ಕೂಸು ಅಂದು ಮನೆಗೆ ಬಂತೋ ಇಲ್ಲವೋ, ನನಗೆ ತಿಳಿಯದು.