ಸಿಟಿವೆಸ್ಟಿನ ಕೆಸುವಿನೆಲೆ

...ಅಲ್ಲ ಕಣೇ ಪುಟ್ಟಿ, ಸೊಪ್ಪು ಸೋಸೋದು ಅಂದ್ರೆ ಹಂಗಲ್ಲ, ಹಿಡಿ ಹಿಡಿಯಾಗಿ ಪಾತ್ರೆಗೆ ಸುರೀಬೇಡ, ಒಂದೊಂದೇ ಎಲೆ ನೋಡು ಅಂತ ಎಷ್ಟು ಸಲ ಬಡ್ಕೊಳ್ಳಲಿ? "ಇಟ್ಸ್ ಗ್ರ್ಯಾಂಡ್, ಅಜ್ಜಿ" ಅಂತೆ, ಎಲ್ಲ ಸರಿಯಾಗಿದೆಯಂತೆ! ಏನು ಗ್ರ್ಯಾಂಡೋ, ನಿನ್ನ ತಲೆ. ನಾನೂ ಹಂಗೇ ಅಂದ್ಕೊಂಡು ಕೆಟ್ಟೆ. ನಿನಗಾಗ ಮೂರು ವರ್ಷ, ಇಲ್ಲ ಇಲ್ಲ, ಮೂರು ತುಂಬಿರಲಿಲ್ಲ. ನಿನ್ನ ನೋಡ್ಕೊಳ್ಳೋಕೆ ಅಂತ ನಿಮ್ಮಮ್ಮ ನನ್ನ ಈ ಪರದೇಶಕ್ಕೆ, ಈ ಸಿಟಿವೆಸ್ಟಿಗೆ ಕರೆಸ್ಕೊಂಡ ಮೊದಲನೇ ವರ್ಷ. ಅಬ್ಬಬ್ಬಾ, ಆ ವರ್ಷದ ಪಾಡು ನನ್ನ ಶತ್ರುಗೂ ಬೇಡ! ಸಕಲೇಶಪುರದಲ್ಲಿ ಮನೆತುಂಬ ಜನಕ್ಕೆ ಬೇಯಿಸಿ ಬಡಿಸಿದೋಳು, ಇಲ್ಲಿ ಒಲೆ ಹಚ್ಚೋಕೂ ಮಗಳನ್ನ ಕೇಳಬೇಕು. "ಅಮ್ಮಾ, ಹೀಟಿಂಗ್ ಮುಟ್ಟಬೇಡ. ಅಮ್ಮಾ, ಆ ಬಟನ್ ಒತ್ತಬೇಡ. ಅಮ್ಮಾ, ಒಗ್ಗರಣೆ ಹಾಕಬೇಡ, ಹೊಗೆಗೆ ಅಲಾರಮ್ ಹೊಡ್ಕೊಳ್ಳತ್ತೆ." ಕೇಳಿ ಕೇಳಿ ತಲೆ ಕೆಟ್ಟು ಹೋಗಿತ್ತು. ಸೊಪ್ಪು ಅಂದ್ರೆ ಪ್ಲಾಸ್ಟಿಕ್ ಚೀಲದಲ್ಲಿ ಬರೋ ಪಾಲಕ್, ಬೇಯಿಸಿದ್ರೆ ಒಂದು ಹಿಡಿನೂ ಆಗಲ್ಲ.

ಆಗ ಸಿಕ್ಕಿದ್ದು ಈ ಪಕ್ಕದ ಮನೆ ಈಲೋನಾ. ಹಂಗೇರಿಯೋಳು, ಅವಳೂ ನನ್ನ ಹಂಗೇ ಮಗಳ ಮನೇಲಿರೋ ಅಜ್ಜಿ. ಕೈಗೆ ಗ್ಲವ್ಸ್ ಹಾಕ್ಕೊಂಡು ಹಿಂದುಗಡೆ ಹಳ್ಳದ ಪಕ್ಕ ಅಡುಗೆಗೆ ಅಂತ ತುರಿಕೆ ಗಿಡ ಕೊಯ್ತಿದ್ಲು, ನೋಡು, ಮುಟ್ಟಿದ್ರೆ ಉರಿಯತ್ತಲ್ಲ, ಅದೇ. ನನಗೋ ಹೋದ ಜೀವ ಬಂದಂಗಾಯ್ತು! ಮಾತಿಲ್ಲ ಕತೆಯಿಲ್ಲ, ಇಬ್ಬರೂ ಬುಟ್ಟಿ ಹಿಡ್ಕೊಂಡು ಹೊರಟ್ವಿ. ಅವಳು ತರೋದು ನಾಲ್ಕೇ ಕಣೇ. ಈ ತುರಿಕೆ ಸೊಪ್ಪು, ಒಂದು ಹುಳಿ ಸೊಪ್ಪು, ಬೆಳ್ಳುಳ್ಳಿ ವಾಸನೆದೊಂದು, ಆಮೇಲೆ ಒಂದು ಬಿಳೀ ಹೂವು, ಅದನ್ನ ಹಿಟ್ಟಲ್ಲಿ ಅದ್ದಿ ನಮ್ಮ ಬಜ್ಜಿ ಥರ ಕರೀತಾಳೆ. ಚಿಕ್ಕೋಳಿದ್ದಾಗ ಚಳಿಗಾಲ ಮುಗಿಯೋ ಹೊತ್ತಿಗೆ ಮನೇಲಿ ಆಲೂಗಡ್ಡೆ ಬಿಟ್ರೆ ಏನೂ ಇರ್ತಿರಲಿಲ್ವಂತೆ, ಅವರಮ್ಮ ಹೊಲಕ್ಕೆ ಕಳಿಸಿ ಇದನ್ನೇ ತರಿಸ್ತಿದ್ಲಂತೆ. ಅವಳ ಮಗಳು ಇಂಗ್ಲಿಷಲ್ಲಿ ಹೇಳಿದ್ದು, ನಿಮ್ಮಮ್ಮ ನನಗೆ ಹೇಳಿದ್ದು. ನಾನು ಮನಸ್ಸಲ್ಲೇ ನಕ್ಕೆ. ನಾಲ್ಕೇನಾ? ನಮ್ಮಮ್ಮಂಗೆ ನಲವತ್ತು ಸೊಪ್ಪು ಗೊತ್ತಿತ್ತು. ನಮ್ಮಲ್ಲಿ ಬೆರಕೆ ಸೊಪ್ಪಿಗೆ ಜಾತಿ ಹೆಚ್ಚಿದಷ್ಟೂ ರುಚಿ.

ಒಂದಿನ ಒಬ್ಬಳೇ ಹೋದೆ. ಬೇಲಿ ಬುಡದಲ್ಲಿ, ನೆರಳಲ್ಲಿ, ಏನು ನೋಡ್ತೀನಿ, ಕೆಸುವು! ಅದೇ ಬಾಣದಂಥ ಎಲೆ, ಅದೇ ಹೊಳಪು, ಚಿಕ್ಕದು ಅಷ್ಟೇ. ಚಳಿ ದೇಶ, ಇಷ್ಟೇ ಬೆಳೆಯತ್ತೇನೋ ಅಂದ್ಕೊಂಡೆ. ಕೆಸುವು ಗಂಟಲು ಕೆರೆಯತ್ತೆ ಅಂತ ಗೊತ್ತಲ್ಲ, ಅದಕ್ಕೆ ಹುಣಸೆಹಣ್ಣು ಒಂದು ಹಿಡಿ ಜಾಸ್ತಿನೇ ಹಾಕಿ ಮಸಾಲೆ ರುಬ್ಬಿ, ಎಲೆಗೆ ಬಳಿದು, ಸುತ್ತಿ, ಪತ್ರೊಡೆ ಬೇಯಿಸ್ದೆ. ನೀನು ಕಾಲಿಗೆ ಸುತ್ಕೊಂಡು "ಅಜ್ಜಿ, ಆ... ಆ..." ಅಂತ ಬಾಯಿ ಬಿಟ್ಕೊಂಡು ನಿಂತಿದ್ದೆ. ಊದಿ ಊದಿ ಆರಿಸಿ ನಿನ್ನ ಬಾಯಿಗಿಡಬೇಕು, ಅಷ್ಟರಲ್ಲಿ ಈಲೋನಾ ಹಿಂದಿನ ಬಾಗಿಲಿಂದ ಬಂದ್ಲು. ಮಿಕ್ಕಿದ್ದ ಹಸಿ ಎಲೆ ನೋಡಿದ್ಲು ನೋಡು, "ನೋ! ನೋ!" ಅಂತ ಕಿರುಚಿ ನನ್ನ ಕೈಗೆ ಫಟ್ ಅಂತ ಹೊಡೆದ್ಲು. ತುತ್ತು ನೆಲಕ್ಕೆ. ತಟ್ಟೆ ಸಮೇತ ಎಲ್ಲ ಬಿನ್ನಿಗೆ ಸುರಿಯೋಕೆ ಹೊರಟ್ಲು.

ನನಗೆ ಮೈಯೆಲ್ಲ ಉರಿದು ಹೋಯ್ತು. "ಏಯ್, ಅನ್ನದ ಮೇಲೆ ಕೈ ಮಾಡ್ತೀಯಾ? ನನಗೆ ಹೇಳ್ಕೊಡ್ತೀಯಾ ನೀನು ಕೆಸುವು ಅಂದ್ರೆ ಏನಂತ?" ಅವಳಿಗೇನು ಕನ್ನಡ ಬರತ್ತೆ, ಪಾಪ. ಅವಳ ಮುಂದೇನೇ ಒಂದು ತುಂಡು ತಗೊಂಡು ಬಾಯಿಗೆ ಹಾಕ್ಕೊಂಡೆ. ಅಯ್ಯೋ ದೇವ್ರೇ! ಬಾಯಿ ತುಂಬ ಸೂಜಿ ಚುಚ್ಚಿದಂಗೆ. ಹುಣಸೆಹಣ್ಣು ಯಾವ ಮೂಲೆಗೂ ಸಾಲಲಿಲ್ಲ. ನಾಲಿಗೆ ಊದಿ ಮಾತು ನಿಂತು ಹೋಯ್ತು. ಈಲೋನಾನೇ ಬಾಯಿ ತೊಳೆಸಿ, ಆಂಬ್ಯುಲೆನ್ಸಿಗೆ ಫೋನ್ ಮಾಡಿ, ನಿನ್ನ ಸೊಂಟದ ಮೇಲೆ ಎತ್ಕೊಂಡು ನನ್ನ ಕೈ ಹಿಡ್ಕೊಂಡು ಕೂತಿದ್ಲು. ವಿಷದ ಗಿಡ ಕಣೇ ಅದು. ಅವರೂರಲ್ಲೂ ಇದೆಯಂತೆ, ಅವರಮ್ಮ ತಿನ್ನೋದು ನಾಲ್ಕು ಕಲಿಸಿದ್ಲು, ಮುಟ್ಟಬಾರದ್ದು ಇದೊಂದನ್ನ ಹೊಡೆದು ಕಲಿಸಿದ್ಲು ಅಂತೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಿಮ್ಮಮ್ಮ ಬೈದ್ಲು, ಬೈದ್ಲು, ಆಮೇಲೆ ನಿನ್ನ ತಬ್ಕೊಂಡು ಅತ್ಲು. ಅವಳ ಬೈಗುಳ ಹೋಗ್ಲಿ ಬಿಡು, ಆ ಅಳು ತಡ್ಕೊಳ್ಳೋಕೆ ಆಗಲಿಲ್ಲ ನನಗೆ. ಇವತ್ತಿಗೂ ನಾನು ತಂದ ಸೊಪ್ಪನ್ನ ಈಲೋನಾ ಬಂದು ನೋಡಿ ತಲೆ ಆಡಿಸೋವರೆಗೆ ಒಲೆ ಹಚ್ಚೋ ಹಂಗಿಲ್ಲ. ಈ ವಯಸ್ಸಲ್ಲಿ ನನಗೆ ಪರೀಕ್ಷೆ! ಸಿಟ್ಟು ಬರತ್ತೆ, ಬರಲ್ವಾ ಮತ್ತೆ? ಆದ್ರೆ ಸಿಟ್ಟು ಅವರ ಮೇಲಲ್ಲ ಕಣೇ, ನನ್ನ ಮೇಲೇನೇ. ಬೇಲಿ ಹತ್ರ ಬಗ್ಗಿದಾಗ್ಲೇ ಇದು ಕೆಸುವಲ್ಲವೇನೋ ಅಂತ ಒಂದು ಗಳಿಗೆ ಅನ್ನಿಸಿತ್ತು ನನಗೆ. ಈ ದೇಶದಲ್ಲಿ ನನಗೆ ಗೊತ್ತಿದ್ದದ್ದು ಸೊಪ್ಪು ಒಂದೇ, ಅದೂ ಗೊತ್ತಿಲ್ಲ ಅಂತ ಒಪ್ಕೊಳ್ಳೋಕೆ ಮನಸ್ಸು ಬರಲಿಲ್ಲ. ಆ ಹಟಾನ ನಿನ್ನ ಬಾಯಿಗಿಡೋಕೆ ಹೋಗಿದ್ದೆ. ಅದಕ್ಕೇ ಹೇಳೋದು, ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು, ಪಕ್ಕದ ಮನೆಗೆ ಹೋಗಿ ಕೇಳು. ಈಗ ಆ ಪಾತ್ರೆ ಬಗ್ಗಿಸು, ಮೊದಲಿಂದ ಸೋಸು.